ಎಂಜಲಾಗದ ಬಟ್ಟಲು

“ಬಟ್ಟಲು ಕೈಗೆ ಬಂದ ಕೂಡ್ಲೆ ಬಾಯಿಗೆ ಹಚ್ಚಬಾರ್ದು, ಮೇಡಂ. ಹಿಂಗ ಎಡಗೈ ಮ್ಯಾಲ ಇಟ್ಕೊಂಡು ಬಲಗೈಲಿಂದ ಎರಡು ಸಲ ತಿರುಗಿಸಬೇಕು. ಬಟ್ಟಲದ ಚಂದನ್ನ ಮುಖಕ್ಕ ತುಟಿ ಹಚ್ಚಿದ್ರ ಅದಕ್ಕ ಅಪಮಾನ ಮಾಡಿದಂಗ.”

ಪ್ರೊಫೆಸರ್ ರುದ್ರೇಶ ಖಾಲಿ ಬಟ್ಟಲನ್ನು ತಿರುಗಿಸಿ ತೋರಿಸಿದರು. ಎಷ್ಟು ನಾಜೂಕು! ಒಂದೊಂದು ಉಗುರನ್ನೂ ಕತ್ತರಿಸಿ ಉಜ್ಜಿದ್ದರು, ಬೆರಳ ಸಂದಿಯಲ್ಲಿ ಒಂದು ಕಲೆಯೂ ಇರಲಿಲ್ಲ. ಆ ಕೈಗಳನ್ನು ನೋಡುತ್ತ ಸವಣೂರು ಠಾಣೆಯ ಪಿಎಸ್‌ಐ ಮಾಲಾ ಎದುರಿಗೆ ಕೂತಿದ್ದಳು.

ನಿನ್ನೆ ಮಧ್ಯಾಹ್ನ ಇದೇ ಕೋಣೆಯಲ್ಲಿ, ಇದೇ ಬಟ್ಟಲಿನಿಂದ ಹಸಿರು ಚಹಾ ಕುಡಿದು ಮನೆಗೆ ಹೋದ ಸಂಶೋಧಕಿ ಶೀಲಾ, ಇವತ್ತು ಶಿಗ್ಗಾಂವಿಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಳು. ಇಲ್ಲಿ ನೋಡಿದರೆ ಬಟ್ಟಲಿನ ಮಾನ ಕಾಯುವ ಪಾಠ ನಡೆದಿತ್ತು.

“ಚಹಾದಾಗ ಏನೂ ಇರಲಿಲ್ಲಂತೀರಿ?”

“ಹೆಂಗಿರ್ತದ್ರಿ? ಇದು ಜಪಾನಿನ ಗಟ್ಟಿ ಚಹಾದ ಪದ್ಧತಿ. ಎಲ್ಲಾ ಅತಿಥಿಗಳಿಗೂ ಒಂದಽ ಬಟ್ಟಲು. ಒಬ್ಬರು ಕುಡದು, ಅಂಚು ಒರಸಿ, ಮುಂದಿನವ್ರಿಗೆ ಕೊಡ್ತಾರ. ಚಹಾ ಮಾಡಿದ ನಾನು ಕುಡಿಯಂಗಿಲ್ಲ, ಅದು ಪದ್ಧತಿ. ಉಳಿದ ನಾಲ್ಕೂ ಮಂದಿ ಕುಡದಾರ. ಮೂವರು ಗುಂಡಕಲ್ಲಿನಂಗ ಅದಾರ. ಶೀಲಾ ಮನಿಗೆ ಹೋಗಿ ಏನು ಕುಡದ್ಲೋ ನಮಗೇನು ಗೊತ್ತು? ಆಕಿ ಅವ್ವ ಎಲೆತೋಟಕ್ಕ ದುಡಿಯಾಕ ಹೋಗ್ತಾಳ. ಮನ್ಯಾಗ ಹುಳಕ್ಕ ಹೊಡಿಯೂ ತೋಟದ ಔಷಧ ಇದ್ದಽ ಇರ್ತದ.”

ಅದೇ ಮಾತನ್ನು ನಿನ್ನೆ ರಾತ್ರಿಯೂ ಹೇಳಿಕೆಯಲ್ಲಿ ಬರೆಸಿದ್ದರು. ಆದರೆ ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರು ಹೇಳಿದ್ದೇ ಬೇರೆ.

“ತೋಟದ ಔಷಧ ಅಲ್ಲ, ಮೇಡಂ. ನಾಡಿ ಇಳಿಯಾಕತ್ತೈತಿ. ಯಾವುದೋ ಗಿಡದ ವಿಷ ಅನಸ್ತೈತಿ. ಎದರಾಗ ಹೋತು ಅಂತ ಗೊತ್ತಾದ್ರ ಯಾವ ಗಿಡ ಅಂತ ಹಿಡಿಬಹುದು, ಹುಬ್ಬಳ್ಳಿಯಿಂದ ತಕ್ಕ ಔಷಧ ತರಸ್ತೇನಿ. ಕುರುಡಗೈಲೆ ಏನರ ಕೊಟ್ರ ಇದ್ದ ಜೀವಾನೂ ಹೊಕ್ಕೈತಿ. ಸಂಜೀತನಕ ತಡಿಯೂದು ಕಷ್ಟ ಐತ್ರಿ.”

ಈಗ ಊಟದ ಹೊತ್ತು ಮೀರಿತ್ತು. ಸಂಜೆ ದೂರವಿರಲಿಲ್ಲ.

ಸವಣೂರಿನ ವೀಳ್ಯದೆಲೆ ತೋಟಗಳ ಬದಿಯ ಆ ಹಳೇ ವಾಡೆಯನ್ನು ಪರಮೇಶಪ್ಪನವರ ಟ್ರಸ್ಟು ದುರಸ್ತಿ ಮಾಡಿಸಿ ‘ಜಪಾನ್ ಅಧ್ಯಯನ ಪೀಠ’ ಎಂದು ಫಲಕ ಹೊಡೆದಿತ್ತು. ಒಳಗೆ ಒಂದು ಗೋಡೆ ತುಂಬ ಜಪಾನಿನ ಶಿಕ್ಷಣ, ಇತಿಹಾಸ, ಕಲೆಯ ಪುಸ್ತಕ. ನೆಲಕ್ಕೆ ಹುಲ್ಲಿನ ಚಾಪೆ, ಬಾಗಿಲಿಗೆ ಕಾಗದದ ಜಾರುಪರದೆ. ಎಲ್ಲೆಲ್ಲೂ ಸ್ವಚ್ಛ, ಸ್ವಚ್ಛ, ಸ್ವಚ್ಛ. ನಿನ್ನೆ ಚಹಾದ ಪುಡಿ ಇಟ್ಟಿದ್ದ ಡಬ್ಬಿಯನ್ನೂ ತೊಳೆದು ಬೋರಲು ಹಾಕಿದ್ದರು. ಕೇಳಿದರೆ, ಪಾತ್ರೆಯನ್ನು ಕೂಡಲೇ ತೊಳೆಯುವುದು ಜಪಾನಿನ ಶಿಸ್ತು ಎಂಬ ಉತ್ತರ ಬಂತು.

ಆ ಸ್ವಚ್ಛತೆಯ ಹಿತ್ತಲನ್ನು ಮಾಲಾ ಬೆಳಿಗ್ಗೆಯೇ ನೋಡಿ ಬಂದಿದ್ದಳು.

ಮದಗದ ಕೆರೆಯ ಪಕ್ಕ, ಮಾಸೂರಿನಲ್ಲಿ, ಇದೇ ಟ್ರಸ್ಟಿನ ಶಾಲೆ ಇತ್ತು. ‘ಜಪಾನ್ ಮಾದರಿ’ ಎಂದು ಪತ್ರಿಕೆಗಳಲ್ಲಿ ಫೋಟೋ ಬಂದ ಶಾಲೆ. ಆಳಿಲ್ಲ, ಮಕ್ಕಳೇ ಶಾಲೆ ತೊಳೆಯುತ್ತಾರೆ ಎಂದು ದೂರದೂರದಿಂದ ಮಂದಿ ನೋಡಲು ಬರುತ್ತಿದ್ದರು. ಮಾಲಾ ಹೇಳದೆ ಕೇಳದೆ ಹೋದಳು. ಅಂಗಳದಲ್ಲಿ ಗೌಡರ, ಸಾಹುಕಾರರ ಮಕ್ಕಳು ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದರು. ಹಿಂದೆ, ಪಾಯಖಾನೆಯಲ್ಲಿ, ಕೇರಿಯ ಮಕ್ಕಳು ಮೊಣಕಾಲೂರಿ ಬರಿಗೈಯಲ್ಲಿ ಉಜ್ಜುತ್ತಿದ್ದವು. ಕೈಯೆಲ್ಲ ಆಸಿಡ್ಡಿನಿಂದ ಸುಲಿದಿತ್ತು. ನಿನ್ನೆಯೂ ನೀವೇನಾ, ಮೊನ್ನೆಯೂ ನೀವೇನಾ ಎಂದರೆ ಮಕ್ಕಳು ಆಕೆಯ ಮುಖವನ್ನೇ ನೋಡಿದವು. ಅದೂ ಒಂದು ಪ್ರಶ್ನೆಯೇ ಎನ್ನುವಂತೆ.

ಆ ವಾಸನೆ ಇನ್ನೂ ಮಾಲಾಳ ಮೂಗು ಬಿಟ್ಟಿರಲಿಲ್ಲ. ಆಗಲೇ ಆಕೆ ಮನಸ್ಸಿನಲ್ಲಿ ಈ ಪ್ರೊಫೆಸರನಿಗೆ ಬಹುವಚನ ಬಿಟ್ಟುಬಿಟ್ಟಿದ್ದಳು. ನಾವೂ ಬಿಡೋಣ.

ಶೀಲಾಳ ಸಂಶೋಧನೆ ಇದರ ಮೇಲೆಯೇ ಇತ್ತು. ಎರಡು ವರ್ಷ ಜಪಾನಿನಲ್ಲಿದ್ದು, ಅಲ್ಲಿನ ಶಾಲೆಗಳಲ್ಲಿ ಮಕ್ಕಳೊಂದಿಗೆ ನೆಲ ಒರೆಸಿ ಬಂದ ಹುಡುಗಿ. ಹಾನಗಲ್ಲಿನ ಕಾಲೇಜಿನಲ್ಲಿ ಹೋದ ತಿಂಗಳು ಮಾಡಿದ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಜೀಪಿನಲ್ಲಿ ಬರುತ್ತ ಮಾಲಾ ಅದನ್ನು ಎರಡು ಸಲ ನೋಡಿದ್ದಳು.

“ಚರ್ಮದ ಕೆಲಸ, ಹೆಣದ ಕೆಲಸ ಮಾಡುವವರನ್ನು ಅಲ್ಲಿಯೂ ಊರ ಹೊರಗೆ ಇಟ್ಟಿದ್ದರು” ಎಂದಿದ್ದಳು ಶೀಲಾ, ಸಣ್ಣ ದನಿಯಲ್ಲಿ, ಯಾರ ಹಂಗೂ ಇಲ್ಲದೆ. “ಸಾವಿರದ ಎಂಟುನೂರ ಎಪ್ಪತ್ತೊಂದರಲ್ಲಿ ಸರ್ಕಾರ ಆ ಭೇದವನ್ನು ರದ್ದು ಮಾಡಿತು. ಮರುವರ್ಷ ಎಲ್ಲರಿಗೂ ಶಾಲೆ ಎಂದಿತು. ಆದರೂ ಆ ಮಕ್ಕಳ ಪಕ್ಕ ತಮ್ಮ ಮಕ್ಕಳನ್ನು ಕೂರಿಸಲು ಜನ ಒಪ್ಪಲಿಲ್ಲ. ಮೈಲಿಗೆ ಅವರಿಗೂ ಗೊತ್ತಿತ್ತು. ಕಸಬರಿಗೆ ಎಲ್ಲರ ಕೈಗೂ ಸರತಿಯಂತೆ ಬಂದರೆ ಅದು ಪಾಠ. ಒಂದೇ ಕೈಯಲ್ಲಿ ನಿಂತರೆ ಅದಕ್ಕೆ ಜಪಾನ್ ಅಂತ ಹೆಸರಿಡಬೇಡಿ. ಅದರ ಹಳೇ ಹೆಸರು ನಮಗೆಲ್ಲ ಗೊತ್ತಿದೆ.”

ಮುಂದಿನ ಸಾಲಿನಲ್ಲಿ ಕೂತಿದ್ದ ರುದ್ರೇಶನ ಮುಖ ಆ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಮಾಲಾ ಎದ್ದು ಪರದೆ ಸರಿಸಿದಳು. “ಪರಮೇಶಪ್ಪನವ್ರನ್ನ, ಶ್ವೇತಾನ್ನ ಒಳಗ ಕರೀರಿ. ಶೀಲಾನ ಅವ್ವ ಎಲ್ಲಿ? ನಾನು ಬರಾಕ ಹೇಳಿದ್ದೆ.”

“ಹೊರಗ ಕಟ್ಟಿ ಮ್ಯಾಲ ಕುಂತಾಳ್ರಿ” ಎಂದ ರುದ್ರೇಶ. “ಆರಾಮ ಕುಂತಾಳ. ನೆಳ್ಳ ಅದ.”

ನೆರಳಿರಲಿಲ್ಲ. ಮಾದೇವಿ ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ಕೂತಿದ್ದಳು. ಎಲೆ ಕೊಯ್ದು ಕೊಯ್ದು ಕಪ್ಪಾದ ಬೆರಳು. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು, ಮಾಲಾ ಹೇಳಿಕಳಿಸಿದಳೆಂದು ಬಸ್ಸು ಹಿಡಿದು ಬಂದಿದ್ದಳು. ಕಣ್ಣು ಕೆಂಪಾಗಿದ್ದವು, ಆದರೆ ಒಣಗಿದ್ದವು.

“ಅವ್ವಾರ, ಒಂದು ಕೆಲಸ ಐತಿ” ಎಂದಳು ಮಾಲಾ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. ಮೆಲ್ಲಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. “ನಿಮಗ ಬ್ಯಾಸರ ಆಗ್ತೈತಿ. ಒಲ್ಲೆ ಅಂದ್ರ ಬ್ಯಾಡ.”

“ಇದರಿಂದ ನನ್ನ ಮಗಳು ಉಳಿತಾಳೇನ್ರಿ?”

“ಡಾಕ್ಟರಿಗೆ ಹೇಳಾಕ ಒಂದು ಮಾತು ಸಿಗ್ತೈತಿ.”

“ಹಂಗಾರ ನಡೀರಿ. ಬ್ಯಾಸರ ಮಾಡ್ಕೊಳ್ಳಾಕ ನನಗ ಈಗ ಪುರಸೊತ್ತಿಲ್ಲ.”

ಚಾಪೆಯ ಮೇಲೆ ನಿನ್ನೆ ಕೂತಂತೆಯೇ ಕೂರಿಸಿದಳು ಮಾಲಾ. ಮೊದಲನೆಯದು ಶೀಲಾಳ ಜಾಗ. ಅಲ್ಲಿ ಮಾದೇವಿ. ಎರಡನೆಯದು ಇತಿಹಾಸದ ಅಧ್ಯಾಪಕ ಲೋಹಿತನದು. ಅವನು ಆಸ್ಪತ್ರೆಯಲ್ಲಿ ಶೀಲಾಳ ಹಾಸಿಗೆ ಬಿಟ್ಟು ಕದಲಿರಲಿಲ್ಲ, ಅವಳನ್ನು ತನ್ನ ಕಾರಿನಲ್ಲಿ ಸಾಗಿಸಿದವನೂ ಅವನೇ. ಹಾಗಾಗಿ ಆ ಜಾಗ ಖಾಲಿ. ಮೂರನೆಯದು ಸಂಶೋಧಕಿ ಶ್ವೇತಾ, ಹಿರೇಕೆರೂರಿನ ದೊಡ್ಡ ಜಮೀನುದಾರರ ಮನೆಯ ಹುಡುಗಿ. ಕೊನೆಗೆ ಟ್ರಸ್ಟಿನ ಅಧ್ಯಕ್ಷ ಪರಮೇಶಪ್ಪ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ದಪ್ಪ ಮೀಸೆ. ಕಾಲು ಮಡಚಲಾರದೆ ಒಂದು ಕಡೆ ಚಾಚಿದ್ದರು.

“ಮೊದಲನೇ ಜಾಗ ಅಂದ್ರ ಮುಖ್ಯ ಅತಿಥಿ ಜಾಗ ಅಲ್ರಿ?” ಮಾಲಾ ಕೇಳಿದಳು. “ಶೀಲಾನ್ನ ಅಲ್ಲಿ ಕೂಡಿಸಿದ್ದು ಯಾರು?”

“ನಾನಽ” ಎಂದ ರುದ್ರೇಶ, ಎದೆ ಸೆಟೆಸಿ. “ಆಕಿ ಪ್ರಬಂಧ ಒಪ್ಪಿಗಿ ಆಗಿತ್ತು. ಕೇರಿ ಹುಡುಗಿಗೆ ಮೊದಲನೇ ಮರ್ಯಾದಿ. ನಮ್ಮ ಪೀಠದಾಗ ಅಂಥಾದ್ದೆಲ್ಲಾ ಎಣಸೂದಿಲ್ಲ, ಮೇಡಂ. ಬಟ್ಟಲ ಒಂದಽ ಅಂದ್ರ ಒಂದಽ.”

ಮಾಲಾ ಠಾಣೆಯಿಂದ ತಂದ ಬಾಟಲಿ ತೆಗೆದು ಬಟ್ಟಲು ತುಂಬ ನೀರು ಸುರಿದಳು.

“ಭೇಷ್. ಹಂಗಾರ ನಿನ್ನೆ ಹೆಂಗ ಕುಡದ್ರಿ, ಹಂಗ ಕುಡದ ತೋರಸ್ರಿ. ಬರೇ ನೀರದು.”

ಶ್ವೇತಾ ಪರಮೇಶಪ್ಪನವರ ಮುಖ ನೋಡಿದಳು.

ಮಾದೇವಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ತುಟಿಗೆ ಹಚ್ಚಿ, ನಾಲ್ಕು ಗುಟುಕು ಕುಡಿದಳು. ಸೆರಗಿನಿಂದ ಅಂಚನ್ನು ಒರೆಸಿ, ಖಾಲಿ ಜಾಗದಾಚೆ ಕೂತ ಶ್ವೇತಾಳ ಮುಂದೆ ಇಟ್ಟಳು.

ಶ್ವೇತಾ ಬಟ್ಟಲು ಎತ್ತಿಕೊಂಡಳು. ಎರಡು ಸಲ ತಿರುಗಿಸಿದಳು. ತುಟಿಯ ಹತ್ತಿರ ತಂದಳು. ಅಲ್ಲಿಗೆ ಕೈ ನಿಂತುಬಿಟ್ಟಿತು. ನೀರು ತುಳುಕಿ ಚಾಪೆಯ ಮೇಲೆ ಬಿತ್ತು. ಕೊನೆಗೆ ಗಲ್ಲ ಮೇಲೆತ್ತಿ, ಬಟ್ಟಲನ್ನು ಓರೆ ಮಾಡಿ, ಕಣ್ಣು ಮುಚ್ಚಿ, ಕುಡಿದಂತೆ ಮಾಡಿ ಮುಂದಕ್ಕೆ ದಾಟಿಸಿದಳು.

ಪರಮೇಶಪ್ಪನವರು ಹೆಚ್ಚು ಅನುಭವಸ್ಥರು. ಒಂದು ಕ್ಷಣವೂ ತಡೆಯಲಿಲ್ಲ. ಸರಕ್ಕನೆ ಎತ್ತಿ, ತಲೆ ಹಿಂದೆ ಹಾಕಿ, ಗುಟುಕರಿಸುವ ಸದ್ದನ್ನೂ ಮಾಡಿ, “ಆಹಾ” ಎಂದು ಬಟ್ಟಲು ಇಳಿಸಿ ಮೀಸೆ ಒರೆಸಿಕೊಂಡರು.

ಮೀಸೆ ಒಣಗಿತ್ತು.

ಮಾಲಾ ಬಟ್ಟಲನ್ನು ತೆಗೆದುಕೊಂಡು ಎಲ್ಲರಿಗೂ ತೋರಿಸಿದಳು. ಮಾದೇವಿ ಕುಡಿದು ಬಿಟ್ಟಲ್ಲಿಗೇ ನೀರು ನಿಂತಿತ್ತು. ಚಾಪೆಗೆ ಬಿದ್ದಷ್ಟೇ ಕಡಿಮೆ.

“ಛೀ!” ಎಂದಳು. ಆಮೇಲೆ ಅದೇ ಬಟ್ಟಲನ್ನು ಎತ್ತಿ ಗಟಗಟನೆ ಪೂರ್ತಿ ಕುಡಿದಳು. ಅದರಲ್ಲಿ ಶೌರ್ಯವೇನೂ ಇರಲಿಲ್ಲ. ಬಾಯಾರಿಕೆ ಇತ್ತು, ಸಿಟ್ಟಿತ್ತು, ನೀರಿತ್ತು.

“ನೀವ್ಯಾಕ ಕುಡದ್ರಿ, ಮೇಡಂ?” ಎಂದಳು ಮಾದೇವಿ. “ಅವ್ರ ಕೈ ಮುಟ್ಟಿದ್ದದು.”

ಬಾಗಿಲಲ್ಲಿ ನಿಂತ ಕಾನ್‌ಸ್ಟೆಬಲ್ ರಾಜಕುಮಾರ ಕೆಮ್ಮಿ ನಗು ನುಂಗಿಕೊಂಡ.

ಮಾಲಾ ಕಿಸೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಚಾಪೆಯ ಮೇಲೆ ಇಟ್ಟಳು. ಒಳಗೆ ಅಂಗೈಯಗಲದ ಮೂರು ತೆಳ್ಳನೆಯ ಕಾಗದ. ಬಟ್ಟಲಿನ ಅಂಚು ಒರೆಸಲೆಂದು ನಿನ್ನೆ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟಿದ್ದರು. ಬೆಳಿಗ್ಗೆ ಈ ಕೋಣೆಯ ಕಸದ ಬುಟ್ಟಿಯಲ್ಲಿ ಸಿಕ್ಕಿದ್ದವು.

“ಈ ಚಹಾ ರಾಡಿಯಂಗ ಗಟ್ಟಿ ಅಲ್ರಿ, ಪ್ರೊಫೆಸರ? ಕುಡದವರು ಅಂಚು ಒರಸಿದ್ರ ಕಾಗದ ಹಸಿರಾಗಬೇಕು. ಇದೊಂದು ನೋಡ್ರಿ, ಹಚ್ಚನ ಹಸಿರು. ಇವೆರಡು ಅಗಸರ ಮನಿಂದ ಬಂದಂಗ ಅದಾವು. ಯಾರ ಯಾರದು ಅಂತ ನೀವಽ ಹೇಳ್ತೀರೋ, ನಾ ಹೇಳ್ಲೋ?”

ಶ್ವೇತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪರಮೇಶಪ್ಪನವರು ಮಾತ್ರ ಕೆರಳಿದರು.

“ಏನ್ ಮಹಾ ಅಪರಾಧ ಆತ್ರಿ? ನಮ್ಮ ಮನಿತನದಾಗ ಯಾರ ಎಂಜಲಾನೂ ಕುಡಿಯೂದಿಲ್ಲ. ಅದು ಜಾತಿ ಅಲ್ಲ, ಶುಚಿ.”

“ಸ್ವಾಮಿಗಳು ಕುಡದು ಕೊಟ್ಟಿದ್ರ?”

“ಅದು ಪ್ರಸಾದ. ಆ ಮಾತ ಬ್ಯಾರೆ.”

“ಮತ್ತ ನಿನ್ನೆ ಹೇಳಿಕಿ ಒಳಗ ‘ಕುಡದೇನಿ, ನನಗೇನೂ ಆಗಿಲ್ಲ’ ಅಂತ ಬರಸೀರಿ. ಡಾಕ್ಟರಿಗೂ ಅದನ್ನಽ ಹೇಳೀರಿ.”

“ಪ್ಯಾಪರಿನವ್ರು ಬಂದು ಫೋಟೋ ಹೊಡಕೊಂಡು ಹೋಗಿದ್ರು. ಒಂದಽ ಬಟ್ಟಲ ಅಂತ ಬರಕೊಂಡು ಹೋಗಿದ್ರು. ಕುಡದಿಲ್ಲ ಅಂತ ಹೆಂಗ ಹೇಳೂದ್ರಿ, ಮರ್ಯಾದಿ ಪ್ರಶ್ನೆ!”

ಮರ್ಯಾದೆ! ಆ ಮಾತು ಕೇಳಿ ಮಾಲಾಗೆ ಬೆಳಗಿನ ಪಾಯಖಾನೆಯೇ ವಾಸಿ ಎನಿಸಿತು. ಅಲ್ಲಿ ಹೊಲಸು ಹೊಲಸಾಗಿಯೇ ಇತ್ತು. ಇಲ್ಲಿ ಅದಕ್ಕೆ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಡಿಸಿ, ಚಾಪೆಯ ಮೇಲೆ ಕೂರಿಸಿದ್ದರು. ಇವರು ಕುಡಿಯದಿದ್ದುದು ಒಂದು ಹೇಸಿಗೆ. ಕುಡಿದೆವೆಂದು ಹೇಳಿ ಡಾಕ್ಟರ ದಾರಿ ತಪ್ಪಿಸಿದ್ದು ಅದಕ್ಕಿಂತ ದೊಡ್ಡ ಹೇಸಿಗೆ.

“ಈಗ ನಾ ಹೇಳ್ತೇನಿ ಕೇಳ್ರಿ” ಎಂದಳು. ದನಿ ತಗ್ಗಿತ್ತು. ರಾಜಕುಮಾರನಿಗೆ ಆ ದನಿಯ ಪರಿಚಯವಿತ್ತು, ಅವನು ನೆಟ್ಟಗೆ ನಿಂತ. “ಐದು ಮಂದಿ ಇರೂ ಕೋಣ್ಯಾಗ, ಎಲ್ಲಾರೂ ಕುಡಿಯೂ ಬಟ್ಟಲಕ್ಕ ವಿಷ ಹಾಕಾಕ ಭಾಳ ಧೈರ್ಯ ಬೇಕು. ಆದ್ರ ಒಬ್ಬಾಂವಗ ಒಂದು ಮಾತು ಪಕ್ಕಾ ಗೊತ್ತಿತ್ತು. ಕೇರಿ ಹುಡುಗಿ ಮೊದಲ ಬಾಯಿ ಹಚ್ಚಿದ್ಲಂದ್ರ ಆಮ್ಯಾಲ ಆ ಬಟ್ಟಲಕ್ಕ ಇಲ್ಲಿ ಯಾರೂ ತುಟಿ ಹಚ್ಚಂಗಿಲ್ಲ. ಎಲ್ಲಾರೂ ಕುಡದಂಗ ನಟಸ್ತಾರ. ನಾಳೆ ಪೊಲೀಸ್ರು ಕೇಳಿದ್ರ ಎಲ್ಲಾರೂ ಕುಡದೇವಿ ಅಂತನಽ ಹೇಳ್ತಾರ. ನಿಮ್ಮ ಹೇಸಿಗಿನಽ ಅವನ ಕೈಯಾಗಿನ ಆಯುಧ.”

ರುದ್ರೇಶನ ಉಜ್ಜಿದ ಉಗುರುಗಳು ಚಾಪೆಯನ್ನು ಕೆರೆಯತೊಡಗಿದವು.

“ಅಂದ್ರ, ಆಕಿನ್ನ ಮೊದಲನೇ ಜಾಗದಾಗ ಯಾರು ಕೂಡಿಸಿದ್ರೋ ಅವ್ರಽ ಆಕಿಗೆ ವಿಷ ಕೊಟ್ಟವರು” ಎಂದಳು ಮಾಲಾ. “ಕೂಡಿಸಿದ್ದು ನಾನಽ ಅಂತ ಈಗಷ್ಟ ಎದಿ ತಟ್ಕೊಂಡ್ರಿ, ಪ್ರೊಫೆಸರ. ಚಹಾ ಮಾಡಿದವರೂ ನೀವಽ. ಕುಡೀದಽ ಇರಾಕ ಪದ್ಧತಿ ನೆಪ ಇದ್ದದ್ದೂ ನಿಮಗಽ. ಆ ಹುಡುಗಿ ಪ್ರಬಂಧ ಅಚ್ಚಾದ್ರ ಮಾಸೂರ ಶಾಲಿ ಹಿಂದಿನ ಹೊಲಸು ಊರಿಗೆಲ್ಲಾ ಗೊತ್ತಾಗ್ತಿತ್ತು. ಏಳ್ರಿ, ಠಾಣೆಗೆ ನಡೀರಿ.”

“ನಾ ಅಲ್ರಿ!” ರುದ್ರೇಶನ ದನಿ ಸೀಳಿತು. ಸಮಾನತೆ, ಮೊದಲ ಮರ್ಯಾದೆ ಎಲ್ಲ ಒಂದೇ ಉಸಿರಿಗೆ ಕಿಟಕಿಯಿಂದ ಹಾರಿಹೋದವು. “ಅದು ನನ್ನ ವಿಚಾರ ಅಲ್ಲಽ ಅಲ್ಲ. ಮೊದಲನೇ ಜಾಗ ಪರಮೇಶಪ್ಪನವ್ರದಿತ್ತು. ಲೋಹಿತ ಬಂದು, ಸರ, ಇವತ್ತ ಶೀಲಾನ್ನ ಮುಂದ ಕೂಡಸ್ರಿ, ಫೋಟೋಕ್ಕ ಭಾಳ ಛಲೋ ಕಾಣ್ತದ ಅಂದ. ಪುಡಿ ಜರಡಿ ಹಿಡದು ಡಬ್ಬಿಗೆ ತುಂಬಿದವನೂ, ಆಮ್ಯಾಲ ಬಟ್ಟಲ, ಡಬ್ಬಿ ತೊಳದವನೂ ಅವನಽ. ನಾ ಬರೇ ಬಿಸಿನೀರು ಹಾಕಿ ಕಲಿಸಿದೆ.”

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಧೈರ್ಯ ಬಂತು. ಬೆವರು ಒರೆಸಿಕೊಂಡು ನಕ್ಕ.

“ಆದ್ರ ಮೇಡಂ, ನಿಮ್ಮ ಲೆಕ್ಕ ಇಲ್ಲೇ ತಪ್ಪತದ. ಲೋಹಿತ ಕುಡದಾನ! ಆಕಿ ಹಿಂದಽ, ಆಕಿ ಎಂಜಲಾನಽ. ಅಂವಗೇನೂ ಆಗಿಲ್ಲ. ಒಬ್ಬ ಕುಡದ್ರೂ ಸಾಕಲ್ರಿ, ಚಹಾದಾಗ ವಿಷ ಇರಲಿಲ್ಲಂತ ಹೇಳಾಕ?”

ಮಾಲಾಳನ್ನು ಬೆಳಗಿನಿಂದ ಕಾಡುತ್ತಿದ್ದುದೂ ಅದೇ. ನಾಲ್ಕನೆಯ ಕಾಗದ ಬುಟ್ಟಿಯಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಲೋಹಿತನನ್ನು ಕೇಳಿದಾಗ, ಕಣ್ಣೊರೆಸಿಕೊಂಡು, “ನನ್ನ ಕಡೇನಽ ಅದ ಮೇಡಂ. ಆಕಿ ಕುಡದ ಮ್ಯಾಲ ನಾ ಕುಡದ ಮೊದಲನೇ ಬಟ್ಟಲ ಅದು. ನೆನಪಿಗಿರ್ಲಿ ಅಂತ ಮನ್ಯಾಗ ತಗದಿಟ್ಟೇನಿ” ಎಂದಿದ್ದ. ಬೇರೆ ಯಾರು ಹೇಳಿದ್ದರೂ ಮಾಲಾ ನಂಬುತ್ತಿರಲಿಲ್ಲ. ಆದರೆ ಎರಡು ತಿಂಗಳ ಹಿಂದೆ ಆ ಹುಡುಗ ಕೇರಿಗೆ ಹೋಗಿ, ಮಾದೇವಿಯ ಅಡಿಗೆಮನೆಯಲ್ಲಿ ಕೂತು, ನಿಮ್ಮ ಮಗಳನ್ನು ಕೊಡಿ ಎಂದು ಕೇಳಿದ್ದ. ಅಂಥವನ ಕಣ್ಣೀರನ್ನು ಹೇಗೆ ಸಂಶಯಿಸುವುದು? ಡಾಕ್ಟರು ಚಹಾದ ಮಾತು ಕೈಬಿಟ್ಟಿದ್ದೂ ಅವನ ಮಾತು ಕೇಳಿಯೇ.

“ಅಂವ ಕುಡದಿಲ್ಲ.”

ಶ್ವೇತಾ. ಮುಖದಿಂದ ಕೈ ತೆಗೆದಿದ್ದಳು.

“ಏನಂದಿ?”

“ಲೋಹಿತ ಕುಡದಿಲ್ರಿ. ಅವನ ಕೈಲಿಂದ ಬಟ್ಟಲ ಇಸಕೊಂಡಾಕಿ ನಾನು. ಗಟ್ಟಿ ಚಹಾ ಕುಡದ್ರ ಕುಡದ ಕಡೆ ಬಟ್ಟಲದ ಒಳಗೋಡಿಗೆ ಹಸರ ಹಾದಿ ಬೀಳತದ, ತಳದಿಂದ ಅಂಚಿನ ತನಕ. ಇಬ್ಬರು ಕುಡದ್ರ ಎರಡು ಹಾದಿ. ನನ್ನ ಕೈಗೆ ಬಂದಾಗ ಒಂದಽ ಇತ್ರಿ. ಶೀಲಾಂದು.”

“ಏ ಶ್ವೇತಾ, ನಾಲಿಗಿ ಬಿಗಿ ಹಿಡಿ!” ಪರಮೇಶಪ್ಪನವರು ಗದರಿದರು. “ಬರೂ ತಿಂಗಳ ಅಂವ ನಮ್ಮ ಮನ್ಯಾಗ ಅಳಿಯ ಆಗಾಂವ. ಹಿರೇಕೆರೂರಾಗ ಕಲ್ಯಾಣ ಮಂಟಪ ಹಿಡದಾಗೇತಿ.”

ಮಾದೇವಿ ಅವರ ಕಡೆ ತಿರುಗಿದಳು. ಚಾಪೆಯ ಮೇಲಿನ ತನ್ನ ಕೈಯನ್ನು ನಿಧಾನ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳಷ್ಟೆ.

ಮಾಲಾ ಶ್ವೇತಾಳ ಹತ್ತಿರ ಸರಿದಳು. “ನಿನ್ನೆಯಿಂದ ಯಾಕ ಹೇಳಲಿಲ್ಲ, ಶ್ವೇತಾ?”

“ಅಂವ ಕುಡದಿಲ್ಲ ಅಂತ ಹೇಳಬೇಕಂದ್ರ ನಾನೂ ಕುಡದಿಲ್ಲ ಅಂತ ಹೇಳಬೇಕಾಗ್ತಿತ್ತು.” ಅವಳು ಬಿಕ್ಕಿದಳು. “ಕಾಲೇಜಿನ್ಯಾಗ ಶೀಲಾ ನನ್ನ ರೂಮ್‌ಮೇಟ್ರಿ. ಹಾಸ್ಟೆಲಿನ್ಯಾಗ ನನಗ ಜ್ವರ ಬಂದಾಗ ಗಂಜಿ ಕುಡಿಸಿದಾಕಿ. ನಾ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಈಗ ಯಾವ ಮುಖ ಐತಿ?”

ಅದು ಕ್ರೂರ ಮಾತು. ಮಾಲಾಗೆ ಗೊತ್ತಿತ್ತು. ಆದರೆ ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಇಷ್ಟು ಓದಿದವರು, ದೇಶ ಸುತ್ತಿದವರು, ಇನ್ನೊಂದು ನಾಡಿನ ಭೇದದ ಚರಿತ್ರೆಯನ್ನು ಸಾಲು ಸಾಲಾಗಿ ಬಲ್ಲವರು. ಒಂದು ಜೀವ ಹೋಗುತ್ತಿದ್ದರೂ ತಮ್ಮ ತುಟಿಯ ಗುಟ್ಟು ಬಿಡದೆ ಕೂತಿದ್ದರು. ಉಗುಳಬೇಕೆನಿಸಿತು. ಚಾಪೆ ಬಹಳ ಸ್ವಚ್ಛವಾಗಿತ್ತು, ಅದಕ್ಕಾಗಿಯೇ ಇನ್ನಷ್ಟು ಉಗುಳಬೇಕೆನಿಸಿತು.

“ರಾಜಕುಮಾರ, ಈ ಹಸಿರು ಕಾಗದ ತಗೊಂಡು ಗಾಡಿ ಮ್ಯಾಲ ಶಿಗ್ಗಾಂವಿಗೆ ಹಾರು. ಡಾಕ್ಟರ ಕೈಯಾಗಽ ಕೊಡಬೇಕು. ವಿಷ ಚಹಾದಾಗಿತ್ತು, ಪುಡಿಯಾಗ ಕಲಿಸಿದ್ದು ಅಂತ ಹೇಳು. ನಾ ಫೋನ್ ಮಾಡ್ತೇನಿ.”

ಅವನ ಬೂಟಿನ ಸದ್ದು ಮೆಟ್ಟಿಲಿಳಿಯಿತು. ಬೈಕು ಗುಡುಗಿತು.

ಡಾಕ್ಟರ ನಂಬರು ಹಚ್ಚಿದಳು. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. “ಇಷ್ಟು ಸಾಕು, ಹುಬ್ಬಳ್ಳಿಗೆ ಈಗಽ ಹೇಳ್ತೇನಿ” ಎಂದು ಅವರು ಇಟ್ಟರು.

ಫೋನು ಇಳಿಸಿದಾಗ ಮಾದೇವಿ ತನ್ನನ್ನೇ ನೋಡುತ್ತಿದ್ದುದು ಮಾಲಾಗೆ ಕಂಡಿತು.

“ನಿನ್ನೆ ಮುಂಜಾನೆ ತಲಿ ಬಾಚ್ಕೋತ ಹೇಳಿದ್ಲ್ರಿ ನನ್ನ ಮಗಳು” ಎಂದಳು ಮಾದೇವಿ. ಯಾರಿಗೋ ಬೇರೆಯವರಿಗೆ ಆದದ್ದನ್ನು ಹೇಳುವವಳಂತೆ. “ಅವ್ವಾ, ಇವತ್ತ ನನ್ನ ಮುಂದ ಕೂಡಸ್ತಾರಂತ. ನನ್ನ ಹಿಂದ ಯಾರೂ ಕುಡಿಯಂಗಿಲ್ಲ ನೋಡು, ನಟಸ್ತಾರ. ಲೋಹಿತ ಒಬ್ಬಾಂವ ಕುಡಿತಾನ, ನನಗಷ್ಟ ಸಾಕು ಅಂದ್ಲು. ನಕ್ಕೋತ ಹೋದ್ಲ್ರಿ.”

ಮಾದೇವಿ ಪಕ್ಕದ ಖಾಲಿ ಜಾಗ ನೋಡಿದಳು.

“ಅಂವ ಅಲ್ಲೇ ಅದಾನಲ್ರಿ, ಮೇಡಂ? ನನ್ನ ಮಗಳ ಹಂತೇಕ?”

ಮಾಲಾ ಆಗಲೇ ಮತ್ತೊಂದು ನಂಬರು ಒತ್ತಿದ್ದಳು. ಆಸ್ಪತ್ರೆಯ ಬಾಗಿಲಿಗೆ ಕಾವಲಿಟ್ಟಿದ್ದ ಕಾನ್‌ಸ್ಟೆಬಲ್ ಸವಿತಾಳದು. ಫೋನು ರಿಂಗಾಗುತ್ತಲೇ ಇತ್ತು. ಬೆಳಿಗ್ಗೆ ಆಕೆಯೇ ಸವಿತಾಗೆ ಹೇಳಿ ಬಂದಿದ್ದಳು: ಹೊರಗಿನವರು ಯಾರನ್ನೂ ಒಳಗೆ ಬಿಡಬೇಡ, ಲೋಹಿತ ಒಬ್ಬ ಇರಲಿ, ಅವನು ಮನೆಯವನಿದ್ದಂತೆ ಎಂದು.

“ಮೇಡಂ! ನಾನಽ ಮಾಡಾಕಿದ್ದೆ ನೋಡ್ರಿ!” ಸವಿತಾಳ ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. “ಶೀಲಾಗ ಎಚ್ಚರ ಆಗೇತ್ರಿ! ಈಗಷ್ಟ ಕಣ್ಣ ಬಿಟ್ಲು.”

“ಲೋಹಿತ ಎಲ್ಲಿ?”

“ಒಳಗಽ ಅದಾರ್ರಿ. ಆಕಿ ಕಣ್ಣ ಬಿಡೂದಽ ತಡ, ಚೀಲದಾಗಿಂದ ಎಳನೀರು ತಗದ್ರು. ಮನಿಯಿಂದ ತರಸಿದ್ರಂತ. ಲೋಟಕ್ಕ ಹಾಕಿ ತಾವಽ ತಲಿ ಎತ್ತಿ ಹಿಡದು ಕುಡಸಿದ್ರು.”

“ಕುಡದಾಳ?” ಮಾಲಾ ಕಿರುಚಿದಳು.

“ಒಂದು ಗುಟುಕ ಕುಡದ್ಲ್ರಿ. ಆಮ್ಯಾಲ ಲೋಟ ಅವ್ರ ಕಡೆ ನೂಕಿ, ಉಳದದ್ದು ನೀ ಕುಡಿ ಅಂದ್ಲು. ಅದೊಂದಽ ಮಾತು ಅನ್ನಾಕತ್ತಾಳ, ನೀ ಕುಡಿ, ನೀ ಕುಡಿ ಅಂತ. ಯಾಕ್ರಿ ಮೇಡಂ, ಏನಾತು?”

ಮಾದೇವಿ ಎದ್ದು ನಿಂತಿದ್ದಳು. ಫೋನಿನ ದನಿ ಆ ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಆ ಲೋಟ ಕಸಗೊ, ಸವಿತಾ! ಓಡು, ಒಳಗ ಓಡು! ಅಂವ ಕುಡದಾನೇನು?”

ಚಪ್ಪಲಿಯ ಸದ್ದು. ಬಾಗಿಲು. ಮಷಿನ್ನಿನ ಬೀಪು. ಸವಿತಾಳ ಏದುಸಿರು.

“ಇಲ್ರಿ, ಮೇಡಂ. ಲೋಟ ಕೈಯಾಗ ಹಿಡಕೊಂಡು ನಿಂತಾರ. ಆಕಿ ಅವ್ರ ಮಾರಿನಽ ನೋಡಾಕತ್ತಾಳ. ಅವ್ರು ಕುಡಿವಲ್ರು.”